ಅಪ್ಪನ ಕವರ್‌ನಲ್ಲಿ ಮಾಸಿಹೋದ ಇಸಿಜಿ

ಕಳೆದ ರಜೆಯಲ್ಲಿ ತಿಪಟೂರಿಗೆ ಹೋದಾಗ ಅಪ್ಪನನ್ನು ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಪ್ಪ ಎಂದಿನಂತೆ ಬಟ್ಟೆ ಅಂಗಡಿಯ ಕವರ್ ಹಿಡಿದು ಹೊರಟರು. ಒಳಗೆ ಇಪ್ಪತ್ತು ವರ್ಷದ ಚೀಟಿಗಳು. ಡಾಕ್ಟರು ಹಳೇ ಇಸಿಜಿ ಕೇಳಿದರು. ಅಪ್ಪ ನಾಲ್ಕು ಮಡಿಕೆಯ ಕಾಗದವನ್ನು ಜೋಪಾನವಾಗಿ ಬಿಚ್ಚಿಕೊಟ್ಟರು. ಅದರಲ್ಲಿ ಗೆರೆಯೇ ಇರಲಿಲ್ಲ, ಪೂರ್ತಿ ಮಾಸಿಹೋಗಿತ್ತು. ಅದನ್ನು ತೆಗೆದಿದ್ದ ಆಸ್ಪತ್ರೆಗೆ ಫೋನ್ ಮಾಡಿದೆ. "ಅಷ್ಟು ಹಳೇದು ನಮ್ಮ ಹತ್ರ ಇರಲ್ಲ ಸಾರ್" ಅಂದರು.

ನಾನಿರುವುದು ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ. ಇಲ್ಲಿ 2017ರಲ್ಲಿ ಫಿನ್‌ಜೆನ್ ಅನ್ನುವ ಯೋಜನೆ ಶುರುವಾಯಿತು. ಸುಮಾರು 55 ಲಕ್ಷ ಜನರ ದೇಶದಲ್ಲಿ 5 ಲಕ್ಷ ಜನರ ರಕ್ತದ ಮಾದರಿ ತೆಗೆದು ಜೀನ್ ನೋಡುವುದು ಗುರಿಯಾಗಿತ್ತು. ಯಾರಿಗೆ ಯಾವ ಔಷಧಿ ಹಿಡಿಸುತ್ತದೆ, ಯಾರಿಗೆ ಯಾವ ಕಾಯಿಲೆ ಬರುವ ಸಂಭವ ಜಾಸ್ತಿ ಅಂತ ತಿಳಿಯೋದಕ್ಕೆ. ಸರ್ಕಾರದ ಕಡೆಯಿಂದ ಬಿಸಿನೆಸ್ ಫಿನ್‌ಲ್ಯಾಂಡ್ ಅನ್ನುವ ಸಂಸ್ಥೆ ದುಡ್ಡು ಹಾಕಿತು. ಉಳಿದ ದೊಡ್ಡ ಪಾಲು ಫೈಜರ್, ಅಸ್ಟ್ರಾಜೆನೆಕಾ ಥರದ ಹೊರದೇಶದ ಔಷಧ ಕಂಪನಿಗಳದ್ದು.

ಇಷ್ಟು ಚಿಕ್ಕ ದೇಶಕ್ಕೆ ಅವರೆಲ್ಲ ಯಾಕೆ ಬಂದರು? ಜೀನ್ ಓದುವ ಯಂತ್ರ ಎಲ್ಲ ಕಡೆಯೂ ಸಿಗುತ್ತದೆ. ಇಲ್ಲಿ ಸಿಕ್ಕಿದ್ದು ದಾಖಲೆ. ಕ್ಯಾನ್ಸರ್ ಬಂದವರ ಲೆಕ್ಕ 1953ರಿಂದ ಇದೆ. ಆಸ್ಪತ್ರೆ ಸೇರಿದವರ ಲೆಕ್ಕ 1960ರ ದಶಕದಿಂದ. ಔಷಧಿ ಅಂಗಡಿಯಲ್ಲಿ ಕೊಂಡ ಮಾತ್ರೆಯ ಲೆಕ್ಕ 1995ರಿಂದ. ಎಲ್ಲವೂ ಒಬ್ಬರಿಗೆ ಒಂದೇ ನಂಬರಿನಲ್ಲಿ ಸೇರಿಕೊಳ್ಳುತ್ತವೆ. ಯಾರೋ ಗುಮಾಸ್ತರು ಐವತ್ತು ವರ್ಷ ಬೇಸರವಿಲ್ಲದೆ ಬರೆದಿಟ್ಟಿದ್ದಕ್ಕೆ ಇವತ್ತು ಬೆಲೆ ಬಂದಿದೆ, ಅಲ್ವಾ?

ಇನ್ನೊಂದು ನನಗೆ ತುಂಬಾ ಹಿಡಿಸಿತು. ದುಡ್ಡು ಹಾಕಿದ ಕಂಪನಿಗಳು ಫಲಿತಾಂಶವನ್ನು ಮೊದಲು ನೋಡಬಹುದು. ಒಂದು ವರ್ಷದ ನಂತರ ಒಟ್ಟಾರೆ ಫಲಿತಾಂಶ (ಒಬ್ಬೊಬ್ಬರದ್ದಲ್ಲ) ಜಗತ್ತಿಗೆಲ್ಲ ತೆರೆದಿರುತ್ತದೆ. ರಕ್ತ ಕೊಟ್ಟವರ ಹೆಸರು ಕಂಪನಿಗಳ ಕೈಗೆ ಹೋಗುವುದಿಲ್ಲ. ಬೇಡ ಅನಿಸಿದರೆ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು.

ನಮ್ಮಲ್ಲೂ ಒಳ್ಳೆಯ ಕೆಲಸ ನಡೆದಿದೆ. ಜಿನೋಮ್‌ಇಂಡಿಯಾ ಅನ್ನುವ ಯೋಜನೆಯಲ್ಲಿ 10,000 ಜನರ ಜಿನೋಮ್, ಅಂದರೆ ಪೂರ್ತಿ ಜೀನ್ ನಕ್ಷೆ, ಓದಿದ್ದಾರೆ. ಅದನ್ನು ಮುನ್ನಡೆಸಿದ್ದು ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ. ಆದರೆ ಆ 10,000 ಜನರಿಗೆ ಮುಂದಿನ ಇಪ್ಪತ್ತು ವರ್ಷದಲ್ಲಿ ಏನೇನು ಕಾಯಿಲೆ ಬಂತು ಅಂತ ತಾನಾಗಿ ಹೇಳುವ ದಾಖಲೆ ಎಲ್ಲಿದೆ? ಅಪ್ಪನ ಫೋನಿನಲ್ಲಿ ಆಭಾ ನಂಬರ್ ಇದೆ, ಆರೋಗ್ಯದ ದಾಖಲೆ ಸೇರಿಸಿಡಲು ಸರ್ಕಾರ ಕೊಡುವ ನಂಬರ್. ಅದರೊಳಗೆ ಒಂದು ಚೀಟಿಯೂ ಇಲ್ಲ.

ಫಿನ್‌ಲ್ಯಾಂಡಿನಲ್ಲಿ ಜನ ಕಡಿಮೆ, ಸರ್ಕಾರಿ ಆಸ್ಪತ್ರೆಯೇ ಹೆಚ್ಚು. ನಮ್ಮಲ್ಲಿ ಬೀದಿಗೊಂದು ಕ್ಲಿನಿಕ್. ಕಷ್ಟ ನನಗೂ ಗೊತ್ತು. ಅದಕ್ಕೇ ನಮ್ಮಲ್ಲೂ ಇಂಥ ಯೋಜನೆಗೆ ಹೊರದೇಶದವರ ಜೊತೆ ಸೇರಿ ದುಡ್ಡು ಹಾಕುವಾಗ ಮೊದಲ ಕಂತು ಹೊಸ ಯಂತ್ರಕ್ಕೆ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ದಾಖಲೆ ಉಳಿಸುವ ಜನರಿಗೆ ಸಂಬಳವಾಗಿ ಹೋಗಲಿ. ಅದೇ ಮಿದುಳು ಕೇಂದ್ರದವರು ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. ಅಂಥ ಕೆಲಸ ತಿಪಟೂರಿಗೂ ಬರಲಿ.

ಅವತ್ತು ರಾತ್ರಿ ಕವರನ್ನು ನೆಲದ ಮೇಲೆ ಸುರಿದು ಒಂದೊಂದೇ ಚೀಟಿಯ ಫೋಟೋ ತೆಗೆದೆ. ಅಪ್ಪ ಪಕ್ಕದಲ್ಲಿ ಕೂತು ತಾರೀಕು ಓದಿ ಹೇಳಿದರು. ಮೂರು ಇಸಿಜಿಗಳಲ್ಲಿ ಗೆರೆ ಇನ್ನೂ ಕಾಣುತ್ತಿತ್ತು.