ಭಾಮೈದನಿಗೊಂದು ಉಂಗುರ

ಕಳೆದ ತಿಂಗಳು ಬೆಂಗಳೂರಿನಿಂದ ಭಾಮೈದನ ಫೋನು ಬಂತು. "ಭಾವ, ಮದುವೆಯ ಉಂಗುರಕ್ಕೆ ಯಾವ ಲೋಹ ಒಳ್ಳೆಯದು? ನೀವು ಲೋಹದ ಕೆಲಸದವರಲ್ಲವೇ, ಹೇಳಿ." ಕೇಳುವ ಹೊತ್ತಿಗಾಗಲೇ ಕಪ್ಪು ಬಣ್ಣದ ಟಂಗ್‌ಸ್ಟನ್ ಉಂಗುರವೊಂದನ್ನು ಮೊಬೈಲ್‌ನಲ್ಲಿ ಆರಿಸಿಟ್ಟುಕೊಂಡಿದ್ದ. ಗೀರು ಬೀಳುವುದಿಲ್ಲ, ಬಾಗುವುದಿಲ್ಲ, ಜೀವನಪೂರ್ತಿ ಬಾಳುತ್ತದೆ ಎಂದೆಲ್ಲ ಅದರ ಕೆಳಗೆ ಬರೆದಿತ್ತಂತೆ. ಚಿತ್ರ ನೋಡಿದ ನಮ್ಮ ಅತ್ತೆಯವರು ಒಂದೇ ಮಾತು ಕೇಳಿದರಂತೆ: "ಯಾಕೋ, ಶನಿಕಾಟಕ್ಕೆ ಯಾರಾದರೂ ಹಾಕಿಕೊಳ್ಳಲು ಹೇಳಿದರೇ?"

ಅತ್ತೆಯವರ ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಕಡೆ ಗಂಡಸಿನ ಕೈಯಲ್ಲಿ ಕಪ್ಪು ಉಂಗುರ ಕಂಡರೆ ಅದು ಕುದುರೆ ಲಾಳದ ಕಬ್ಬಿಣ, ಇರಬೇಕಾದದ್ದು ನಡುಬೆರಳಿನಲ್ಲಿ, ತೊಟ್ಟದ್ದು ಒಂದು ಶನಿವಾರ. ಮದುವೆಯ ಮಂಟಪದಲ್ಲಿ ಅದಕ್ಕೇನು ಕೆಲಸ?

ನಾನಿರುವ ಜರ್ಮನಿಯಲ್ಲಿ ಕಬ್ಬಿಣದ ಉಂಗುರಕ್ಕೆ ಬೇರೆಯೇ ಮರ್ಯಾದೆ ಇತ್ತು. 1813ರಲ್ಲಿ ನೆಪೋಲಿಯನ್‌ನ ವಿರುದ್ಧ ಯುದ್ಧಕ್ಕೆ ಹೊರಟ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಬೊಕ್ಕಸ ಬರಿದಾಗಿತ್ತು. ರಾಜಮನೆತನದ ಮರಿಯಾನೆ ಎಂಬ ರಾಜಕುಮಾರಿ ಹೆಂಗಸರಿಗೆ ಕರೆ ಕೊಟ್ಟಳು: ಚಿನ್ನ ಕೊಡಿ. ಜನ ಮದುವೆಯ ಉಂಗುರಗಳನ್ನೇ ಬಿಚ್ಚಿ ಕೊಟ್ಟರು. ಬದಲಿಗೆ ಅವರಿಗೆ ಸಿಕ್ಕಿದ್ದು ಕಬ್ಬಿಣದ ಉಂಗುರ, ಅದರ ಮೇಲೆ "ಕಬ್ಬಿಣಕ್ಕಾಗಿ ಚಿನ್ನ ಕೊಟ್ಟೆ" ಎಂಬ ಬರಹ. ಆಮೇಲೆ ಕಬ್ಬಿಣದ ಉಂಗುರ ತೊಟ್ಟವರು ತಲೆಯೆತ್ತಿ ನಡೆದರು, ಚಿನ್ನದ್ದನ್ನು ಉಳಿಸಿಕೊಂಡವರು ಕೈ ಮುಚ್ಚಿಕೊಳ್ಳಬೇಕಾಯಿತು. ಮೊದಲನೆಯ ಮಹಾಯುದ್ಧದಲ್ಲೂ ಅದೇ ಕರೆ, ಅದೇ ಬರಹ. ಇದನ್ನು ಅತ್ತೆಯವರಿಗೆ ಹೇಳಿದೆ. "ಯುದ್ಧ ಮುಗಿದ ಮೇಲೆ ಚಿನ್ನ ವಾಪಸು ಕೊಟ್ಟರೇ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಮುಂದೆ ಮಾತಾಡಲಿಲ್ಲ.

ನಾನು ಸ್ಟುಟ್‌ಗಾರ್ಟ್‌ಗೆ ಬಂದು ಹನ್ನೆರಡು ವರ್ಷವಾಯಿತು. ಅದಕ್ಕೂ ಮೊದಲು ಆರು ವರ್ಷ ಪೀಣ್ಯದ ಯಂತ್ರಗಳ ನಡುವೆ ಕಳೆದಿದ್ದೆ. ಆ ಆರು ವರ್ಷದ ಅನುಭವವಿದ್ದೂ ನಾನು ಮಾಡಿದ ಪೆದ್ದುತನವನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮದುವೆಯಲ್ಲಿ ಮಾವನವರು ಹಾಕಿದ್ದು 22 ಕ್ಯಾರೆಟ್‌ನ ಉಂಗುರ, ಎಂಟು ಗ್ರಾಂ. ಇಲ್ಲಿಗೆ ಬಂದ ಮೇಲೆ ಎಲ್ಲರ ಹಾಗೆ ನಾನೂ ದಿನವೂ ತೊಡತೊಡಗಿದೆ. ಎರಡೇ ಚಳಿಗಾಲದಲ್ಲಿ ಅದು ದುಂಡಗಿನ ಆಕಾರ ಬಿಟ್ಟು ಕೋಳಿಮೊಟ್ಟೆಯಂತಾಯಿತು. ಸೂಟ್‌ಕೇಸಿನ ಹಿಡಿ, ಬಸ್ಸಿನ ಕಂಬಿ, ಸೈಕಲ್ಲಿನ ಬ್ರೇಕು, ಒಂದೊಂದೂ ತನ್ನ ಗುರುತನ್ನು ಅದರ ಮೇಲೆ ಬಿಟ್ಟಿತು. ಹಾಳಾಗುವುದು ಬೇಡವೆಂದು ಹೆಂಡತಿ ಅದನ್ನು ಎತ್ತಿಟ್ಟಳು. ನಾನು ಅರವತ್ತು ಯೂರೋ ಕೊಟ್ಟು ಟಂಗ್‌ಸ್ಟನ್ ಕಾರ್ಬೈಡ್ ಉಂಗುರ ತರಿಸಿಕೊಂಡೆ. ಕೈಗೆ ಚಿನ್ನದಷ್ಟೇ ಭಾರ, ಕನ್ನಡಿಯಂಥ ಹೊಳಪು. ಮೂರು ವರ್ಷ ಒಂದು ಗೀರೂ ಬೀಳಲಿಲ್ಲ. ಆಮೇಲೊಂದು ಬೆಳಿಗ್ಗೆ ಸೋಪಿನ ಕೈಯಿಂದ ಜಾರಿ ಬಚ್ಚಲಿನ ಕಲ್ಲಿನ ಮೇಲೆ ಬಿತ್ತು. ಟಣ್ ಎಂದಿತು, ಎರಡು ತುಂಡಾಯಿತು.

ಟಂಗ್‌ಸ್ಟನ್ ಕಾರ್ಬೈಡ್ ಎಂದರೆ ಬೇರೇನಲ್ಲ, ಲೇತ್‌ನಲ್ಲಿ ಲೋಹ ಕೊಯ್ಯುವ ನಮ್ಮ ವಿಡಿಯಾ. ಬಲ್ಬಿನ ತಂತಿ ಎಳೆಯುವ ಅಚ್ಚಿಗೆ ವಜ್ರದ ಬದಲು ಏನಾದರೂ ಸಿಗುತ್ತದೆಯೇ ಎಂದು ಇದೇ ಜರ್ಮನಿಯಲ್ಲಿ ಹುಡುಕಿದವರಿಗೆ ಒಲಿದ ವಸ್ತು ಅದು. 1920ರ ದಶಕದಲ್ಲಿ ಕ್ರುಪ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಾಗ "ವಜ್ರದಂತೆ" ಎಂಬ ಅರ್ಥದ ಎರಡು ಜರ್ಮನ್ ಪದಗಳನ್ನು ಕೂಡಿಸಿ ವಿಡಿಯಾ ಎಂದು ಹೆಸರಿಟ್ಟಿತು. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕಾರ್ಖಾನೆ ಬಂದ ಮೇಲೆ ಆ ಹೆಸರು ನಮ್ಮದೇ ಆಗಿಹೋಯಿತು. ವಿಡಿಯಾ ತುದಿ ಉಕ್ಕನ್ನು ಬೆಣ್ಣೆಯಂತೆ ಕೊಯ್ಯುತ್ತದೆ, ಆದರೆ ಕೈತಪ್ಪಿ ನೆಲಕ್ಕೆ ಬಿದ್ದರೆ ಅದರ ಮೂಲೆ ಹಾರಿಹೋಗುತ್ತದೆ. ಪೀಣ್ಯದಲ್ಲಿ ಲೇತ್ ಮುಂದೆ ನಿಂತ ಮೊದಲ ವಾರವೇ ಹುಡುಗರು ಇದನ್ನು ಕಲಿಯುತ್ತಾರೆ. ನಾನೂ ಹಾಗೆಯೇ ಕಲಿತಿದ್ದೆ. ಬೆರಳಿಗೆ ಏರಿದ ತಕ್ಷಣ ಅದು ವಿಡಿಯಾ ಎಂಬುದೇ ಮರೆತುಹೋಗಿತ್ತು.

ಗಡಸು ಬೇರೆ, ಗಟ್ಟಿ ಬೇರೆ. ಗಡಸಾದದ್ದಕ್ಕೆ ಗೀರು ಬೀಳುವುದಿಲ್ಲ, ಗಟ್ಟಿಯಾದದ್ದು ಪೆಟ್ಟು ತಿಂದೂ ಉಳಿಯುತ್ತದೆ. ಗಡಸುತನ ಮಿತಿಮೀರಿದರೆ ವಸ್ತು ಪೆಡಸಾಗುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಉಂಗುರ ಮಾರುವವರು ಮೊದಲನೆಯದನ್ನು ತೋರಿಸಿ ಎರಡನೆಯದೂ ಇದೆ ಎಂದು ನಂಬಿಸುತ್ತಾರೆ. ಅಲ್ಲದೆ ಗೀರಿನ ಭಯವೂ ಅತಿಯಾಯಿತು ಎಂದು ನನಗನಿಸುತ್ತದೆ. ಬೀದಿಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದ್ದೇ ಇರುತ್ತದೆ. ಯಾವುದು ಯಾವುದನ್ನು ಗೀರುತ್ತದೆ ಎಂದು ಅಳೆಯುವ ಮೋಸ್ ಮಾಪನದಲ್ಲಿ ಅದರ ಗಡಸುತನ 7. ಚಿನ್ನ ಹೆಚ್ಚೆಂದರೆ 3, ಟೈಟಾನಿಯಂ 6ರ ಆಸುಪಾಸು. ಅಂದ ಮೇಲೆ ಕಾರ್ಬೈಡ್‌ನಂಥ ಒಂದೆರಡನ್ನು ಬಿಟ್ಟರೆ ಗೀರು ಬೀಳದ ಉಂಗುರವೇ ಇಲ್ಲ. ಬಿದ್ದರೆ ಬೀಳಲಿ.

ಉಂಗುರ ಒಡೆದದ್ದನ್ನು ಕಾರ್ಖಾನೆಯಲ್ಲಿ ಹೇಳಿದಾಗ ನನ್ನ ಜೊತೆಗಾರನೊಬ್ಬ ನಕ್ಕ. ಆ ವರ್ಷ ಅವನ ಮದುವೆಯಿತ್ತು, ಪ್ಫೋರ್ಟ್ಸ್‌ಹೈಮ್‌ಗೆ ನನ್ನನ್ನೂ ಕರೆದುಕೊಂಡು ಹೋದ. ಅದು ಇಲ್ಲಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ, ಕಪ್ಪು ಅರಣ್ಯದ ಅಂಚಿನಲ್ಲಿ ಮೂರು ಹೊಳೆ ಕೂಡುವ ಊರು. 1767ರಲ್ಲಿ ಅಲ್ಲಿನ ದೊರೆ ಕಾರ್ಲ್ ಫ್ರೀಡ್ರಿಷ್ ಅನಾಥಾಲಯವೊಂದರಲ್ಲಿ ಗಡಿಯಾರದ ಮತ್ತು ಒಡವೆಯ ಕಾರ್ಖಾನೆ ತೆರೆಯಿಸಿದ. ಆ ಕಸುಬಿನಿಂದಾಗಿ ಜನ ಅದನ್ನು ಚಿನ್ನದ ಊರು ಎಂದೇ ಕರೆಯುತ್ತಾರೆ. 1945ರ ಫೆಬ್ರವರಿ 23ರ ರಾತ್ರಿ ಬಾಂಬು ಬಿದ್ದು ಊರು ಬೂದಿಯಾಯಿತು. ಈಗ ಹೋಗಿ ನೋಡಿದರೆ ಕಟ್ಟಡಗಳೆಲ್ಲ ಸಪ್ಪೆ, ಚಿನ್ನದ ಕಳೆ ಎಲ್ಲೂ ಕಾಣುವುದಿಲ್ಲ. ಒಳಗಿನ ಕಸುಬು ಮಾತ್ರ ಉಳಿದಿದೆ.

ಆ ಜೋಡಿ ಅಕ್ಕಸಾಲೆಯೊಬ್ಬರ ಬಳಿ ಒಂದು ದಿನ ಕೂತು ತಮ್ಮ ಉಂಗುರಗಳನ್ನು ತಾವೇ ಮಾಡಿಕೊಂಡರು. ಇಲ್ಲಿ ಅದೊಂದು ರೂಢಿ. ಅವನ ಅಜ್ಜ ಅಜ್ಜಿಯ ಸವೆದ ಉಂಗುರಗಳನ್ನು ಕರಗಿಸಿ, ಅದಕ್ಕೆ ಹೊಸ ಚಿನ್ನ ಸೇರಿಸಿ, ಪಟ್ಟಿ ಎಳೆದು, ಬಾಗಿಸಿ, ಬೆಸುಗೆ ಹಾಕಿದರು. ಅವಳದನ್ನು ಇವನು ಉಜ್ಜಿದ, ಇವನದನ್ನು ಅವಳು. ನಮ್ಮಲ್ಲಿ ಮದುಮಗನ ಉಂಗುರ ಹೆಣ್ಣಿನ ಮನೆಯಿಂದ ಬರುತ್ತದೆ. ಬೆರಳಿಗೆ ದಾರ ಸುತ್ತಿ ಅಳತೆ ಕೊಟ್ಟರೆ ಅವನ ಪಾಲಿನ ಕೆಲಸ ಮುಗಿಯಿತು. ನನ್ನ ಅಳತೆಯನ್ನಂತೂ ಯಾರೂ ಕೇಳಿರಲಿಲ್ಲ, ಓಕುಳಿಯ ಬಿಂದಿಗೆಯಲ್ಲಿ ಹುಡುಕಿ ತೆಗೆದ ಉಂಗುರ ನನ್ನ ಹೆಬ್ಬೆರಳಿಗೂ ದೊಡ್ಡದಾಗಿತ್ತು.

ಅಕ್ಕಸಾಲೆ ಅಂದು ಬಳಸಿದ್ದು 585 ಗುರುತಿನ ಚಿನ್ನ, ಅಂದರೆ 14 ಕ್ಯಾರೆಟ್. ಸಾವಿರದಲ್ಲಿ 585 ಪಾಲು ಚಿನ್ನ, ಉಳಿದದ್ದು ಹೆಚ್ಚಾಗಿ ಬೆಳ್ಳಿ ಮತ್ತು ತಾಮ್ರ. ಇಲ್ಲಿ ಮದುವೆಯ ಉಂಗುರಕ್ಕೆ ಇದೇ ಸಾಮಾನ್ಯ, ಕೈ ತುಸು ಸಡಿಲವಿದ್ದವರು 750ಕ್ಕೆ, ಅಂದರೆ 18 ಕ್ಯಾರೆಟ್ಟಿಗೆ ಹೋಗುತ್ತಾರೆ. 333 ಗುರುತಿನದೂ ಅಂಗಡಿಯಲ್ಲಿ ಚಿನ್ನವೆಂದೇ ಮಾರಾಟವಾಗುತ್ತದೆ. ಮೂರು ಪಾಲಿನಲ್ಲಿ ಒಂದು ಪಾಲು ಚಿನ್ನ! ಅದಕ್ಕೆ ಅತ್ತೆಯವರು ಇಟ್ಟ ಹೆಸರು, ಚಿನ್ನದ ಗಾಳಿ ಸೋಕಿದ ತಾಮ್ರ. ಈ ವಿಷಯದಲ್ಲಿ ನಾನು ಅವರ ಕಡೆಯೇ. ಆದರೆ 585ನ್ನೂ ಅವರು ಅದೇ ಸಾಲಿಗೆ ಸೇರಿಸಿದಾಗ ನನಗೆ ಒಪ್ಪಿಗೆಯಾಗಲಿಲ್ಲ.

ನಮ್ಮವರಿಗೆ 916ರ, ಅಂದರೆ 22 ಕ್ಯಾರೆಟ್ಟಿನ ಮೇಲಿರುವ ಮೋಹ ಅಪನಂಬಿಕೆಯಿಂದ ಹುಟ್ಟಿದ್ದು. ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆ ಕಟ್ಟಿದ ಜನ ನಾವು. ಕಲಬೆರಕೆ ಎಂದರೆ ನಮಗೆ ಮೋಸ. ಅದು ಲೋಹಕ್ಕೆ ಬಲ ಕೊಡುವ ವಿದ್ಯೆಯೂ ಹೌದೆಂಬುದು ತಲೆಗೆ ಹತ್ತುವುದೇ ಇಲ್ಲ. ಒಡವೆ ನಮಗೆ ಆಪತ್ತಿನ ಗಂಟು, ನಾಳೆ ಅಡವಿಟ್ಟರೆ ಎಷ್ಟು ಹುಟ್ಟುತ್ತದೆ ಎಂಬುದೇ ಅದರ ಯೋಗ್ಯತೆ. ಬ್ಯಾಂಕಿನ ಲಾಕರಿನಲ್ಲಿ ಮಲಗುವ ಉಂಗುರಕ್ಕೆ ಆ ಲೆಕ್ಕವೇ ಸರಿ, ಅಲ್ಲಿ ಅದನ್ನು ಸವೆಸುವವರು ಯಾರು? ದಿನವೂ ಬೆರಳಿನಲ್ಲಿ ದುಡಿಯುವ ಉಂಗುರಕ್ಕೆ ಆ ಲೆಕ್ಕ ಒಗ್ಗುವುದಿಲ್ಲ. 2021ರ ಜೂನ್‌ನಿಂದ ನಮ್ಮಲ್ಲೂ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿದೆ. ಆರು ಅಕ್ಷರ-ಅಂಕೆಗಳ ಗುರುತನ್ನು ಮೊಬೈಲ್‌ನಲ್ಲೇ ಪರಿಶೀಲಿಸಬಹುದು, 14 ಮತ್ತು 18 ಕ್ಯಾರೆಟ್ಟಿಗೂ ಅದು ಸಿಗುತ್ತದೆ. ಆದ್ದರಿಂದ ಹಳೆಯ ಅಪನಂಬಿಕೆಗೆ ಈಗ ಅಷ್ಟು ಆಧಾರವಿಲ್ಲ. ಹಾಗೆಂದು ಊರಿನ ಅಂಗಡಿಯಲ್ಲಿ 14 ಕ್ಯಾರೆಟ್ ಗಂಡಸಿನ ಉಂಗುರ ಕೇಳಿ ನೋಡಿ. ವಜ್ರ ಕೂರಿಸಿದ್ದು ಬೇಕೇ ಎನ್ನುತ್ತಾರೆ, ಇಲ್ಲವೆಂದರೆ ಮುಖ ಸಪ್ಪಗಾಗುತ್ತದೆ.

ಇನ್ನೊಂದು ವ್ಯತ್ಯಾಸವಿದೆ, ಅದರಲ್ಲಿ ಜರ್ಮನರೇ ಮೇಲು ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಮದುವೆಯ ಗುರುತೆಲ್ಲ ಹೆಂಗಸಿನ ಮೈಮೇಲೆ: ತಾಳಿ, ಕಾಲುಂಗುರ, ಕರಿಮಣಿ. ಗಂಡಸಿನ ಮೈ ಖಾಲಿ. ಇಲ್ಲಿ ನಿಶ್ಚಿತಾರ್ಥಕ್ಕೆ ಎಡಗೈ, ಮದುವೆಯಾದ ಮೇಲೆ ಬಲಗೈ, ಮತ್ತು ಇಬ್ಬರಿಗೂ ಒಂದೇ ನಮೂನೆ. ಬಲಗೈ ಎಂದರೆ ಕೆಲಸದ ಕೈ, ಉಂಗುರಕ್ಕೆ ಪೆಟ್ಟು ಹೆಚ್ಚು. ಅವರು ಲೋಹವನ್ನು ಇಷ್ಟು ಯೋಚಿಸಿ ಆರಿಸುವುದಕ್ಕೆ ಇದೂ ಕಾರಣವಿರಬಹುದು. ಆದರೂ ಯಂತ್ರದ ಮುಂದೆ ನಿಲ್ಲುವ ಮೊದಲು ಜೊತೆಗಾರ ಅದನ್ನು ಬಿಚ್ಚಿ ಚಿಕ್ಕ ತಗಡಿನ ಡಬ್ಬಿಯಲ್ಲಿ ಹಾಕುತ್ತಾನೆ. ತಿರುಗುವ ಯಂತ್ರಕ್ಕೆ ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮ ಗವಸಿನಂತೆ ಕಳಚಿ ಬರುತ್ತದೆ. ಆಗ ಲೋಹ ಎಷ್ಟು ಗಟ್ಟಿಯೋ ಬೆರಳಿಗೆ ಅಷ್ಟು ಕೇಡು. ಭಾಮೈದನೂ ಪೀಣ್ಯದಲ್ಲೇ ಶಿಫ್ಟ್ ನೋಡಿಕೊಳ್ಳುವವನು. ಯಾವ ಲೋಹವಾದರೂ ಆಗಲಿ, ಶಾಪ್ ಫ್ಲೋರಿನಲ್ಲಿ ಬೇಡ ಎಂದು ಮೊದಲು ಹೇಳಿದ್ದೇ ಇದನ್ನು.

ಟೈಟಾನಿಯಂ ಬಗ್ಗೆಯೂ ಕೇಳಿದ. ಚಿನ್ನದ ನಾಲ್ಕನೆಯ ಒಂದು ಪಾಲಿನಷ್ಟೂ ತೂಕವಿಲ್ಲ, ಮೈಗೆ ಒಗ್ಗುತ್ತದೆ, ನಂಜಾಗುವುದಿಲ್ಲ, ತುಕ್ಕಿಲ್ಲ. ಒಳ್ಳೆಯದೇ. ಆದರೆ ಬೆರಳು ದಪ್ಪವಾದರೆ ಬಿಡಿಸಿ ಬೆಸುಗೆ ಹಾಕುವಂತಿಲ್ಲ, ಕಾದರೆ ಅದು ಗಾಳಿಯೊಡನೆಯೇ ಕೂಡಿಕೊಳ್ಳುತ್ತದೆ. ನಮ್ಮ ಊದುಕೊಳವೆಯ ಅಕ್ಕಸಾಲೆಗೆ ಅದು ಕೈಗೆಟುಕದ ಲೋಹ. ಬಿಳಿ ಚಿನ್ನ ಬೇಡ ಎಂದೆ: ಹೊಳಪಿಗೆ ಬಳಿದ ರೋಡಿಯಂ ಎಂಬ ಬಿಳಿ ಲೋಹ ಕೆಲವು ವರ್ಷಕ್ಕೆ ಸವೆಯುತ್ತದೆ, ಮತ್ತೆ ಬಳಿಸುತ್ತಲೇ ಇರಬೇಕು.

ಪ್ಲಾಟಿನಂ ನಿಜವಾಗಿ ದೊಡ್ಡ ಲೋಹ. ಚಿನ್ನಕ್ಕೆ ಗೀರು ಬಿದ್ದಾಗ ಚೂರು ಹಾರಿಹೋಗುತ್ತದೆ, ಪ್ಲಾಟಿನಂನಲ್ಲಿ ಬಹುಪಾಲು ಅಲ್ಲೇ ಪಕ್ಕಕ್ಕೆ ಸರಿದು ದಿಬ್ಬವಾಗುತ್ತದೆ. ಹೊಳಪು ಮಾಸಿದರೂ ಸವಕಳಿ ಕಡಿಮೆ. ಕೆಲವು ವರ್ಷಗಳಿಂದ ಅದರ ಗ್ರಾಂ ಬೆಲೆ ಚಿನ್ನಕ್ಕಿಂತ ಇಳಿದಿದೆ. ತೊಡಕಿರುವುದು ಶಾಖದಲ್ಲಿ. ಚಿನ್ನ ಕರಗಲು 1064 ಡಿಗ್ರಿ ಸಾಕು, ಪ್ಲಾಟಿನಂಗೆ 1768 ಬೇಕು. ಬೆಂಗಳೂರಿನಲ್ಲಿ ಮಾಡುವವರು ಸಿಗುತ್ತಾರೆ. ಭಾಮೈದ ಮುಂದೆ ಹರಿಹರದಲ್ಲೋ ಚನ್ನಗಿರಿಯಲ್ಲೋ ನೆಲೆಸಿದರೆ ಅದನ್ನು ತಿದ್ದಿಕೊಡುವವರು ಯಾರು?

ನಾನು ಉಂಗುರವನ್ನು ಅಳೆಯುವುದು ಈಗ ಹೀಗೆ. ಐವತ್ತರ ಹೊತ್ತಿಗೆ ಬೆರಳು ಇದ್ದ ಹಾಗೇ ಇರುವುದಿಲ್ಲ. ಒಂದು ದಿನ ಕೈ ಊದಿಕೊಂಡು ಆಸ್ಪತ್ರೆಯಲ್ಲಿ ಉಂಗುರ ತೆಗೆಯಬೇಕಾಗಿ ಬರಬಹುದು. ಚಿನ್ನವಾದರೆ ಚಿಕ್ಕ ಗರಗಸದ ಚಕ್ರ ಎರಡು ನಿಮಿಷದಲ್ಲಿ ಕೊಯ್ಯುತ್ತದೆ, ಮರುದಿನ ಅದೇ ಉಂಗುರವನ್ನು ಬೆಸೆಯಿಸಿ ತೊಡಬಹುದು. ಟೈಟಾನಿಯಂ ಕೊಯ್ಯಲು ಹೊತ್ತು ಹಿಡಿಯುತ್ತದೆ, ಬಿಸಿಯಾಗುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಕೊಯ್ಯಲು ಬರುವುದಿಲ್ಲ, ಇಕ್ಕಳದಲ್ಲಿ ಅಮುಕಿ ಅಡಕೆಯಂತೆ ಒಡೆಯಬೇಕು. ಒಡೆದ ಮೇಲೆ ಅದು ಕಸ. ನನ್ನ ಎರಡು ತುಂಡುಗಳು ಇನ್ನೂ ಮೇಜಿನ ಖಾನೆಯಲ್ಲಿವೆ. ಮಾವನವರು ಕೊಟ್ಟ ಸೊಟ್ಟ ಉಂಗುರವನ್ನು ಹೋದ ವರ್ಷ ಕರಗಿಸಿ, ಬೆಳ್ಳಿ ತಾಮ್ರ ಸೇರಿಸಿ, 18 ಕ್ಯಾರೆಟ್ಟಿಗೆ ಇಳಿಸಿ ಮಾಡಿಸಿಕೊಂಡೆ. ಈಗ ಅದೇ ಬೆರಳಲ್ಲಿದೆ, ಗೀರುಗಳೂ ಇವೆ. ಇಳಿಸಿದ್ದನ್ನು ಮಾವನವರಿಗೆ ಇನ್ನೂ ಹೇಳಿಲ್ಲ.

ಭಾಮೈದನಿಗೂ 18 ಕ್ಯಾರೆಟ್, ನಾಲ್ಕು ಮಿಲಿಮೀಟರ್ ಅಗಲ, ಕಲ್ಲು ಬೇಡ, ಒಳಅಂಚು ದುಂಡಗಿರಲಿ ಎಂದು ಹೇಳಿದೆ. ಹೆಣ್ಣಿನ ಮನೆಯವರು 22 ಕ್ಯಾರೆಟ್ಟಿನದನ್ನು ತಂದೇ ತರುತ್ತಾರೆ, ಬೇಡವೆನ್ನಲು ಅವನಿಗೆ ಬಾಯಿ ಬರುವುದಿಲ್ಲ. ತರಲಿ, ಅದು ಮಂಟಪಕ್ಕೆ ಮತ್ತು ಲಾಕರಿಗೆ. "ಕಪ್ಪುದು ಬೇಡವೇ ಬೇಡವೇ, ಭಾವ?" ಎಂದು ಕೊನೆಗೊಮ್ಮೆ ಕೇಳಿದ. ಬೇಕಾದರೆ ಅದೂ ತೆಗೆದುಕೋ, ಅಮ್ಮನಿಗೆ ನೀನೇ ಉತ್ತರ ಹೇಳು ಎಂದೆ. ಅಳತೆಯನ್ನು ಮಾತ್ರ ಬೆಳಿಗ್ಗೆ ಕೊಡಬೇಡ, ಸಂಜೆ ಬೆರಳು ತುಸು ಉಬ್ಬಿರುವಾಗ ಕೊಡು. ಮದುವೆ ಮೇ ತಿಂಗಳಲ್ಲಿ, ಅದೂ ದಾವಣಗೆರೆಯಲ್ಲಿ.