ಮರಿ ಅಂದುಕೊಂಡಿದ್ದು ಮರಿಯಾಗಿರಲಿಲ್ಲ

ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮಾಮೂಲಿ ಮೀನಂಗಡಿಗೆ ಹೋಗಿದ್ದೆ. ಐಸ್ ಮೇಲೆ ಬೊಂಡಾಸ್ ಇತ್ತು. ಒಂದೊಂದೂ ಬೆರಳುದ್ದ ಅಷ್ಟೇ. ಹೋದ ವರ್ಷ ಇದೇ ದುಡ್ಡಿಗೆ ಅಂಗೈ ಮೀರಿದ್ದು ಸಿಕ್ಕಿತ್ತು.

"ಏನಣ್ಣಾ, ಮರಿ ತಂದಿದ್ದೀರಲ್ಲ?" ಅಂದೆ.

"ಮಲ್ಪೆ ಗಾಡೀಲಿ ಇದೇ ಬಂದಿದ್ದು ಸರ್. ದೊಡ್ಡದು ಬೀಳ್ತಾನೇ ಇಲ್ವಂತೆ."

ಪಕ್ಕದಲ್ಲಿ ಬಂಗುಡೆ ಆರಿಸುತ್ತಿದ್ದವರು ತಲೆ ಎತ್ತದೇ "ಎಲ್ಲಾ ಗ್ಲೋಬಲ್ ವಾರ್ಮಿಂಗ್" ಅಂದರು. ಮುಗೀತು ಮಾತು.

(ಗೊತ್ತಿಲ್ಲದವರಿಗೆ: ಇಲ್ಲಿನ ಹೋಟೆಲ್‌ಗಳಲ್ಲಿ ಕಲಮಾರಿ ಅಂತ ಉಂಗುರ ಉಂಗುರವಾಗಿ ಕರಿದು ಕೊಡುತ್ತಾರಲ್ಲ, ಅದೇ ನಮ್ಮ ಕರಾವಳಿಯ ಬೊಂಡಾಸ್. ಸ್ಕ್ವಿಡ್.)

ನನಗೆ ಕಿರಿಕಿರಿ ಅನಿಸುವುದು ಈ ಒಂದೇ ಸಾಲಿನ ತೀರ್ಪು. ಫೋನ್ ತೆಗೆದರೆ ಒಂದು ಕಡೆ "ಸಮುದ್ರ ಬಿಸಿಯಾದಷ್ಟೂ ಸ್ಕ್ವಿಡ್‌ಗೆ ಸುಗ್ಗಿ" ಅಂತ ಸುದ್ದಿ. ಇನ್ನೊಂದು ಕಡೆ "ಸ್ಕ್ವಿಡ್ ಮಾಯ". ತಮಾಷೆ ಅಂದ್ರೆ ಎರಡೂ ಸುಳ್ಳಲ್ಲ. 1953ರಿಂದ 2013ರವರೆಗಿನ ಲೆಕ್ಕ ಹಿಡಿದು 2016ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸ್ಕ್ವಿಡ್, ಆಕ್ಟೋಪಸ್, ಕಪ್ಪೆ ಬೊಂಡಾಸ್ (ಕಟ್ಲ್‌ಫಿಶ್) ಜಾತಿಯವು ಪ್ರಪಂಚದ ಹಲವು ಕಡೆ ಹೆಚ್ಚಾಗಿರುವುದು ಕಂಡಿತ್ತು. ಅದೇ ಹೊತ್ತಿಗೆ ಜಪಾನಿನ ಹಾಕೊಡಾಟೆಯಲ್ಲಿ ಮೀನುಗಾರರು ಖಾಲಿ ಬೋಟು ತರುತ್ತಿದ್ದರು. ಸ್ಕ್ವಿಡ್‌ಗೇ ಹೆಸರಾದ ಊರು ಅದು. 1968ರಲ್ಲಿ ಜಪಾನ್ 6 ಲಕ್ಷ ಟನ್‌ಗೂ ಜಾಸ್ತಿ ಹಿಡಿದಿತ್ತು. ಈಚೆಗೆ 1 ಲಕ್ಷವೂ ಮುಟ್ಟುತ್ತಿಲ್ಲ.

ಬೊಂಡಾಸ್‌ನ ಆಯಸ್ಸು ಹೆಚ್ಚು ಕಡಿಮೆ ಒಂದು ವರ್ಷ. ಲೋಳೆಯ ಬೆರಳುಗಳ ಹಾಗೆ ಮೊಟ್ಟೆ ಗೊಂಚಲನ್ನು ಸಮುದ್ರದ ತಳಕ್ಕೆ ಅಂಟಿಸುತ್ತದೆ, ಆಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಅಂಜಲ್ ಮೀನಾದರೆ ಬೇರೆ ಬೇರೆ ವಯಸ್ಸಿನವು ನೀರಲ್ಲಿರುತ್ತವೆ, ಒಂದು ವರ್ಷ ಕೈಕೊಟ್ಟರೂ ಹಳೇ ದಾಸ್ತಾನು ಇರುತ್ತದೆ. ಬೊಂಡಾಸ್ ಹಾಗಲ್ಲ. ಅದು ಮಳೆ ನಂಬಿದ ರಾಗಿ ಹೊಲ. ಈ ವರ್ಷದ್ದು ಈ ವರ್ಷಕ್ಕೆ.

ಕ್ಯಾಲಿಫೋರ್ನಿಯಾ ನೋಡಿ. 1997-98ರ ಎಲ್ ನಿನೋಗೆ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬಿಸಿಯೇರುವುದು) ನೀರು ಬಿಸಿಯಾಗಿ ಅಲ್ಲಿನ ಸ್ಕ್ವಿಡ್ ಬಲೆಗೆ ಬೀಳುವುದೇ ನಿಂತಂತಾಯಿತು. ನೀರು ತಣ್ಣಗಾದ ಮೇಲೆ ಎರಡು ವರ್ಷದೊಳಗೆ 1 ಲಕ್ಷ ಟನ್ ದಾಟಿತು! ಹಾಗಾಗಿ ಒಂದು ಕೆಟ್ಟ ವರ್ಷ ಕಂಡು ಅಳುವುದೂ ಬೇಡ, ಒಂದು ಒಳ್ಳೇ ವರ್ಷ ಕಂಡು ಕುಣಿಯುವುದೂ ಬೇಡ.

ನಮ್ಮ ಅರಬ್ಬೀ ಸಮುದ್ರದ ಲೆಕ್ಕ ಇನ್ನೂ ಜಟಿಲ. ಮುಂಗಾರಿನಲ್ಲಿ ತಳದ ತಣ್ಣೀರು ದಡದ ಹತ್ತಿರ ಮೇಲೆ ಬರುತ್ತದೆ. ಜೊತೆಗೆ ಗೊಬ್ಬರದಂಥ ಪೋಷಕಾಂಶ ತರುತ್ತದೆ, ಆಮ್ಲಜನಕ ಮಾತ್ರ ಕಮ್ಮಿ. ಬೊಂಡಾಸ್‌ನ ರಕ್ತ ನೀಲಿ, ಅದರಲ್ಲಿ ಕಬ್ಬಿಣದ ಬದಲು ತಾಮ್ರ. ಆಮ್ಲಜನಕ ಹೊರುವುದರಲ್ಲಿ ಅದು ನಮ್ಮ ರಕ್ತದಷ್ಟು ಗಟ್ಟಿ ಅಲ್ಲ. ಇಂಥ ಪ್ರಾಣಿಗೆ ಊಟ ಇದ್ದಲ್ಲಿ ಉಸಿರಿಲ್ಲ, ಉಸಿರಿದ್ದಲ್ಲಿ ಊಟವಿಲ್ಲ ಅಂದರೆ ಜಾಗ ಬಿಡಲೇಬೇಕು.

ಹಾಗಂತ ಎಲ್ಲವನ್ನೂ ಕಡಲಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮಲ್ಪೆಯಲ್ಲಿ ತಾಂಡೇಲರಾಗಿದ್ದ (ಬೋಟ್ ನಡೆಸುವವರು) ನಮ್ಮ ಮಾವನಿಗೆ ಫೋನ್ ಮಾಡಿದಾಗ ಇದನ್ನೇ ಕೇಳಿದೆ. "ಬಲೆಯ ಕಣ್ಣು ಸಣ್ಣ ಮಾಡಿದ್ದು ಕಡಲಾ ಮಾರಾಯಾ, ನಾವಾ?" ಅಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಉಳಿದ ಹತ್ತು ತಿಂಗಳು ನಮಗೆ ಇಲ್ಲಿ ಪ್ರತಿ ಭಾನುವಾರ ಬೊಂಡಾಸ್ ಬೇಕು, ಅದೂ ಒಂದೇ ಸೈಜು, ಒಂದೇ ರೇಟು.

ಮರಿ ಅಂತ ಬೈದರೂ ಅರ್ಧ ಕಿಲೋ ತಂದೆ, ಸುಕ್ಕಾ ಆಸೆ ಬಿಡಲಿಲ್ಲ. ಸಿಂಕ್ ಮುಂದೆ ನಿಂತು ತಲೆ ಎಳೆದೆ, ಪ್ಲಾಸ್ಟಿಕ್ ಪಟ್ಟಿಯಂಥ ಆ ಪಾರದರ್ಶಕ ಕಡ್ಡಿ ಹೊರಗೆ ಬಂತು. ನೇರಳೆ ಚುಕ್ಕಿಯ ಸಿಪ್ಪೆ ಸುಲಿದೆ. ಹೊಟ್ಟೆ ಸೀಳಿದರೆ ಒಳಗೆ ಬಿಳಿ ಗ್ರಂಥಿ ಜೋಡಿ, ಅದರ ಹಿಂದೆ ಸಬ್ಬಕ್ಕಿ ಬೇಯಿಸಿದ ಹಾಗೆ ಮೊಟ್ಟೆ. ಇನ್ನೊಂದು ಸೀಳಿದೆ. ಅದರಲ್ಲೂ ಮೊಟ್ಟೆ.

ಆಗ ನೆನಪಾಗಿದ್ದು ಮೆಕ್ಸಿಕೋದ ಸಾಂತಾ ರೊಸಾಲಿಯಾ. ಅಲ್ಲಿನ ಹಂಬೋಲ್ಟ್ ಸ್ಕ್ವಿಡ್ ಆಳುದ್ದ ಬೆಳೆಯುವಂಥದ್ದು. 2009-10ರ ಎಲ್ ನಿನೋ ಆದಮೇಲೆ ದೊಡ್ಡವು ಊರು ಬಿಟ್ಟು ಉತ್ತರಕ್ಕೆ ಹೋದವು. ಉಳಿದ ಪುಟಾಣಿಗಳನ್ನು ಕೊಯ್ದು ನೋಡಿದರೆ ಅವು ಮರಿಗಳಲ್ಲ. ಒಂದು ವರ್ಷ ಕಾಯದೆ, ಆರು ತಿಂಗಳೊಳಗೇ ಬಲಿತಿದ್ದವು.

ನನ್ನ ಸಿಂಕಿನ ಅರ್ಧ ಕಿಲೋದಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೂ ಮುಂದಿನ ಭಾನುವಾರ ಅಂಗಡಿಯಣ್ಣನಿಗೆ ಹೇಳಬೇಕು, ಅವತ್ತು ಬೈದಿದ್ದು ತಪ್ಪಾಯ್ತು, ಅವು ತಾಯಂದಿರು ಅಂತ.