ಆದರೆ, ಆದ್ದರಿಂದ, ಆಮೇಲೆ

ಬಾಯಲ್ಲಿ ಕತೆ ಹೇಳುವಾಗ ಮಕ್ಕಳಿಗೆ ವಾಕ್ಯ ಜೋಡಿಸುವ ಚಿಂತೆಯೇ ಇರುವುದಿಲ್ಲ. ‘ಆಮೇಲೆ’ ಒಂದಿದ್ದರೆ ಸಾಕು, ಕತೆ ಕಾಡಿನಿಂದ ಅರಮನೆವರೆಗೂ ಹೋಗಿಬಿಡುತ್ತದೆ. ಕೈಗೆ ಪೆನ್ಸಿಲ್ ಬಂತೋ, ಅದೇ ಮಗು ಬಿಗಿದುಕೊಳ್ಳುತ್ತದೆ. ‘ನಾಯಿ ಬಂತು. ನಾಯಿ ಕಪ್ಪಗಿತ್ತು. ನಾಯಿ ಬೊಗಳಿತು. ನಾನು ಓಡಿದೆ.’ ವ್ಯಾಕರಣದ ತಪ್ಪು ಒಂದೂ ಇಲ್ಲ. ವಾಕ್ಯಗಳು ಮಾತ್ರ ಮಾತು ಬಿಟ್ಟವರ ಹಾಗೆ ಕೂತಿವೆ.

ಇದಕ್ಕೆ ದೊಡ್ಡವರ ಮದ್ದು ರೆಡಿ ಇರುತ್ತದೆ. ಬೋರ್ಡ್ ಮೇಲೆ ಮತ್ತು, ಆದರೆ, ಆದ್ದರಿಂದ, ಏಕೆಂದರೆ ಎಂದು ಬರೆದು ‘ಇವನ್ನು ಬಳಸಿ’ ಅನ್ನುತ್ತಾರೆ. ಮಗು ಹೇಳಿದಂತೆ ಕೇಳುತ್ತದೆ: ‘ನಾಯಿ ಬಂತು. ಮತ್ತು ಅದು ಕಪ್ಪಗಿತ್ತು. ಆದ್ದರಿಂದ ಅದು ಬೊಗಳಿತು. ಆದರೆ ನಾನು ಓಡಿದೆ.’ ಬಣ್ಣಕ್ಕೂ ಬೊಗಳುವುದಕ್ಕೂ ಎಂಥ ನಂಟು! ಆ ಕೊನೆಯ ‘ಆದರೆ’ಯಂತೂ, ನಿಂತು ನಾಯಿಯ ಮಾತು ಪೂರ್ತಿ ಕೇಳಬೇಕಿತ್ತು ಅನ್ನುವ ಹಾಗಿದೆ.

ನನ್ನ ಕೇಳಿದರೆ ಪಟ್ಟಿ ಕೊನೆಗಿರಲಿ. ಕನ್ನಡದಲ್ಲಿ ಇಂಥ ಪದಗಳಿಲ್ಲದೆಯೂ ವಾಕ್ಯಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ‘ಬಾಗಿಲು ತೆಗೆದರೆ ಕಪ್ಪು ನಾಯಿಯೊಂದು ನಿಂತಿತ್ತು. ಅದು ಬೊಗಳಿದ್ದೇ ತಡ, ನಾನು ಓಟ ಕಿತ್ತೆ.’ ಹಿಂದಿನ ವಾಕ್ಯದ ನಾಯಿ ಮುಂದಿನದರಲ್ಲಿ ‘ಅದು’ ಆಗಿ ಮೊದಲೇ ಬಂತು, ಹೊಸ ಸುದ್ದಿ ಅದರ ಬೆನ್ನಿಗೆ ಬಂತು. ಓದುವವರಿಗೆ ಎಡವಲು ಜಾಗವೇ ಇಲ್ಲ. ಇನ್ನು ‘ನಾನೂ ಓಡಿದೆ’ ಅಂದು ನೋಡಿ. ಕೊನೆಯ ಸ್ವರ ಉದ್ದವಾಯಿತು, ಅಷ್ಟೇ. ಪಕ್ಕದಲ್ಲಿ ಇನ್ಯಾರೋ ಓಡುತ್ತಿರುವುದು ಕಾಣಿಸಿತು, ಅಲ್ವಾ? ಆ ಇನ್ಯಾರೋ ಹಿಂದಿನ ವಾಕ್ಯದಲ್ಲಿ ಸಿಗಬೇಕು.

‘ಅವನು’, ‘ಅವಳು’ ಕಲಿಸಿದ ವಾರ ಮಾತ್ರ ಸ್ವಲ್ಪ ಕಷ್ಟ. ‘ರವಿ ಗಿರಿಯ ಪೆನ್ ಕಿತ್ತುಕೊಂಡ. ಅವನು ಅವನಿಗೆ ಹೊಡೆದ. ಅವನು ಅತ್ತ.’ ಬರೆದ ಮಗುವಿಗೆ ಎಲ್ಲ ಗೊತ್ತು. ಜಗಳ ನೋಡಿದ್ದು ಅದೇ ತಾನೇ! ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವ ಬದಲು ಪಕ್ಕದ ಮಗುವಿನ ಕೈಲಿ ಜೋರಾಗಿ ಓದಿಸಿ. ‘ಅತ್ತಿದ್ದು ಯಾರೋ?’ ಎಂದು ಅದೇ ಕೇಳುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಚೀಟಿಯಾಟ. ಪ್ಯಾರಾವನ್ನು ವಾಕ್ಯಕ್ಕೊಂದು ಚೀಟಿಯಾಗಿ ಕತ್ತರಿಸಿ, ಹಿಂದುಮುಂದು ಮಾಡಿ, ಬೇರೆ ಮಗುವಿಗೆ ಜೋಡಿಸಲು ಕೊಡುವುದು. ‘ಹಸು ಸಾಕುಪ್ರಾಣಿ. ಹಸು ಹಾಲು ಕೊಡುತ್ತದೆ. ಹಸುವಿಗೆ ನಾಲ್ಕು ಕಾಲು’ ಎಂಬ ಬಗೆಯದಾದರೆ ಯಾವ ಚೀಟಿ ಎಲ್ಲಿಟ್ಟರೂ ನಡೆಯುತ್ತದೆ. ‘ನಂದು ಹೇಗಿಟ್ಟರೂ ಸರಿ!’ ಎಂದು ಬರೆದ ಮಗು ಬೀಗುವುದೂ ಉಂಟು. ಬೈಯಬಾರದು. ಹಾಲಾದ ಮೇಲೆ ಕಾಲಿನ ಮಾತು ಯಾಕೆ ಬಂತು ಎಂದು ಸುಮ್ನೆ ಕೇಳಿ. ತುಸು ಯೋಚಿಸಿ ‘ಹಾಲು ಕರೆಯುವಾಗ ಒದೆಯುತ್ತಲ್ಲ, ಅದಕ್ಕೆ’ ಅಂದರೆ, ಅದನ್ನೇ ಬರೆಯಲು ಹೇಳಿ.